ಅರಿವೆಯೂ ಅರಿವೂ

ನಮ್ಮ ಮನೆಯ ಪಡಸಾಲೆಯಲ್ಲಿ, ಪೂರ್ವದ ಕಿಟಕಿಯ ಕೆಳಗೆ, ಎರಡು ವಸ್ತುಗಳು ಅನೇಕ ವರ್ಷಗಳಿಂದ ಒಂದರ ಮಗ್ಗುಲಲ್ಲಿ ಇನ್ನೊಂದು ನಿಂತಿವೆ: ಒಂದು, ತಾಯಿಯವರ ಕಾಲದ ತಗಡಿನ ಟ್ರಂಕು, ಇನ್ನೊಂದು, ಹಲಸಿನ ಹಲಗೆಯ ಪುಸ್ತಕದ ಕಪಾಟು. ಟ್ರಂಕಿನಲ್ಲಿ ಸೆರಗು ಹರಿದ ಇಳಕಲ್ ಸೀರೆಗಳೂ, ಬಣ್ಣ ಮಾಸಿದ ಧೋತರಗಳೂ, ಗುಳೇದಗುಡ್ಡದ ಖಣದ ಕುಪ್ಪಸಗಳ ತೋಳುಗಳೂ, ಮಕ್ಕಳು ಬೆಳೆದು ಬಿಟ್ಟ ಅಂಗಿಗಳೂ ಕೌದಿಯಾಗುವ ದಿನವನ್ನು ನಿರೀಕ್ಷಿಸುತ್ತಿವೆ. ಕಪಾಟಿನಲ್ಲಿ ರದ್ದಿಯ ಅಂಗಡಿಗಳಿಂದಲೂ ಪೇಟೆಯ ಪಾದಚಾರಿ ಮಾರ್ಗಗಳಿಂದಲೂ ಕೊಂಡು ತಂದ ಹಳೆಯ ಪುಸ್ತಕಗಳು ಓದಿಸಿಕೊಳ್ಳುವ ದಿನವನ್ನು ನಿರೀಕ್ಷಿಸುತ್ತಿವೆ. ಮನೆಗೆಲಸವೆಲ್ಲ ಮುಗಿದು ಮಧ್ಯಾಹ್ನದಲ್ಲಿ ದೊರೆಯುವ ಒಂದೆರಡು ಗಂಟೆಗಳ ಬಿಡುವಿನಲ್ಲಿ ಟ್ರಂಕಿನ ಮುಚ್ಚಳವನ್ನು ಎತ್ತಬೇಕೋ ಕಪಾಟಿನ ಕದವನ್ನು ತೆರೆಯಬೇಕೋ ಎಂಬ ಪ್ರಶ್ನೆ, ಹೊಲಿಗೆಯನ್ನೂ ಓದನ್ನೂ ಸಮನಾಗಿ ಪ್ರೀತಿಸುವವರಾರಿಗೂ ಅಪರಿಚಿತವಾದುದಲ್ಲ. ಎರಡೂ ಕಣ್ಣನ್ನು ಬೇಡುತ್ತವೆ; ಎರಡೂ ಕೈಯನ್ನು ಬೇಡುತ್ತವೆ; ಎರಡೂ ಮನೆಯಲ್ಲಿ ಸ್ಥಳವನ್ನು ಬೇಡುತ್ತವೆ.

ನನ್ನ ಮಟ್ಟಿಗೆ ಈ ಪ್ರಶ್ನೆಯು ಬಹುಕಾಲ ಒಂದು ಚಿಂತೆಯಾಗಿಯೇ ಇದ್ದಿತು. ಹೊಲಿಯಲು ಕುಳಿತಾಗ ಅರ್ಧಕ್ಕೆ ನಿಂತ ಕಾದಂಬರಿಯೂ, ಓದಲು ಕುಳಿತಾಗ ಅರ್ಧಕ್ಕೆ ನಿಂತ ಕೌದಿಯೂ ಮನಸ್ಸನ್ನು ಸೆಳೆಯುತ್ತಿದ್ದುವು. ಆದರೆ ಈ ಎರಡು ಅನುರಾಗಗಳೂ ಒಂದೇ ಮನೋಧರ್ಮದ ಎರಡು ಕವಲುಗಳೆಂದೂ, ಒಮ್ಮೆ ಬಳಕೆಯಾದ ವಸ್ತುವಿನಲ್ಲಿ ಇನ್ನೂ ಆಯುಸ್ಸು ಉಳಿದಿದೆಯೆಂಬ ಶ್ರದ್ಧೆಯೇ ಎರಡಕ್ಕೂ ಮೂಲವೆಂದೂ, ಆದುದರಿಂದ ಒಂದರಲ್ಲಿ ಕಲಿತ ಸಂಯಮವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಇವುಗಳ ಕಲಹವು ತಾನಾಗಿಯೇ ಶಮನವಾಗುವುದೆಂದೂ ವರ್ಷಗಳ ಅಭ್ಯಾಸದಿಂದ ನನಗೆ ಮನದಟ್ಟಾಗಿದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿವೇದಿಸಬೇಕೆಂದಿದ್ದೇನೆ.

ಹಳೆಯ ಬಟ್ಟೆಯ ಗುಣ

ಕೌದಿಯೆಂದರೇನೆಂದು ಉತ್ತರ ಕರ್ನಾಟಕದ ವಾಚಕರಿಗೆ ಹೇಳಬೇಕಾದುದಿಲ್ಲ. ಉಳಿದವರಿಗಾಗಿ ಇಷ್ಟು ಹೇಳಬಹುದು: ಅಡಿಯಲ್ಲಿ ಒಂದು ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಸವೆದ ಬಟ್ಟೆಗಳ ಒಂದೆರಡು ಪದರಗಳನ್ನು ಹರಡಿ, ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸಿಟ್ಟು, ಈ ಸಮಸ್ತವನ್ನೂ ಉದ್ದುದ್ದನೆಯ ಹೊಲಿಗೆಯ ಸಾಲುಗಳಿಂದ ಒಂದಾಗಿ ಬಂಧಿಸಿದ ಹೊದಿಕೆಯೇ ಕೌದಿ. ರಜಾಯಿಯಲ್ಲಿರುವಂತೆ ಇದರಲ್ಲಿ ಅರಳೆಯನ್ನು ತುಂಬುವುದಿಲ್ಲ. ಪದರಗಳ ನಡುವೆ ಸಿಕ್ಕಿ ನಿಂತ ಗಾಳಿಯೇ ಇದರ ಬೆಚ್ಚನೆಯ ಗುಟ್ಟು. ಅರಳೆಯಿಲ್ಲದುದರಿಂದಲೇ ಇದನ್ನು ಒಗೆಯಬಹುದು, ಬಿಸಿಲಿಗೆ ಹರವಬಹುದು, ಬೇಸಗೆಯಲ್ಲಿ ಹಾಸಬಹುದು, ಚಳಿಗಾಲದಲ್ಲಿ ಹೊದೆಯಬಹುದು. ಬಂಗಾಳದ ಕಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಇವೆಲ್ಲವೂ ಇದರ ದಾಯಾದಿಗಳು.

ಬಾಲ್ಯದಲ್ಲಿ ನಮ್ಮ ಓಣಿಗೆ ಮಳೆಗಾಲಕ್ಕೆ ಮುಂಚೆ ಕೌದಿ ಹೊಲಿಯುವ ಹೆಂಗಸರು ಬರುತ್ತಿದ್ದರು. ಊರಿಂದೂರಿಗೆ ಅಲೆಯುವ ಗೊಂದಲಿಗರ ಮನೆಯ ಹೆಣ್ಣುಮಕ್ಕಳಲ್ಲಿ ಈ ಕಸುಬು ಇಂದಿಗೂ ಉಳಿದಿದೆ. ಒಮ್ಮೆ ನಮ್ಮ ತಾಯಿಯವರು, ಕೌದಿಯ ಮೇಲ್ಭಾಗವು ಸುಂದರವಾಗಿರಲೆಂದು, ಅಂಗಡಿಯಿಂದ ಹೊಸದಾಗಿ ತಂದ ಬಟ್ಟೆಯೊಂದನ್ನು ತೆಗೆದುಕೊಟ್ಟಾಗ ಅವರಲ್ಲಿ ಹಿರಿಯಳಾದವಳು ಅದನ್ನು ಮುಟ್ಟಿ ನೋಡಿ ಮರಳಿಸಿದಳು. “ಅವ್ವಾರ, ಹಳೀ ಅರಿವಿ ಇದ್ರ ತಗೀರಿ, ಹೊಸಾದು ಬ್ಯಾಡ. ಹೊಸಾ ಅರಿವಿ ಸೂಜೀ ಮಾತು ಕೇಳಂಗಿಲ್ರಿ” ಎಂದು ಆಕೆ ಹೇಳಿದ ಮಾತು ನನ್ನ ನೆನಪಿನಲ್ಲಿ ಅಚ್ಚೊತ್ತಿದಂತೆ ನಿಂತಿದೆ. ಅದರ ತಾತ್ಪರ್ಯವು ನನಗೆ ತಿಳಿದುದು ನಾನೇ ಸೂಜಿ ಹಿಡಿದ ಬಳಿಕ. ಹೊಸ ಹತ್ತಿಯ ಬಟ್ಟೆಯಲ್ಲಿ ಗಂಜಿಯಿರುತ್ತದೆ. ಅದು ಮೊದಲ ಒಗೆತಗಳಲ್ಲಿ ಕುಗ್ಗುತ್ತದೆ, ಬಣ್ಣವನ್ನು ಬಿಡುತ್ತದೆ. ಒಂದು ತುಂಡು ಕುಗ್ಗಿ ಪಕ್ಕದ ತುಂಡು ಕುಗ್ಗದಿದ್ದರೆ ಇಡೀ ಹೊದಿಕೆ ಸುಕ್ಕುಗಟ್ಟುತ್ತದೆ. ನೂರಾರು ಸಲ ನೀರು ಕಂಡ ಸೀರೆಯಾದರೋ ಕುಗ್ಗಬೇಕಾದಷ್ಟನ್ನು ಕುಗ್ಗಿ, ಬಿಡಬೇಕಾದ ಬಣ್ಣವನ್ನು ಬಿಟ್ಟು, ಎಳೆಗಳು ಮೃದುವಾಗಿ, ನಾಲ್ಕು ಪದರಗಳನ್ನು ಒಮ್ಮೆಗೆ ಚುಚ್ಚಿದರೂ ಸೂಜಿಗೆ ದಾರಿ ಕೊಡುತ್ತದೆ. ಹಳೆಯದಾಗಿರುವುದೇ ಈ ಕೆಲಸಕ್ಕೆ ಅದರ ಯೋಗ್ಯತೆ. ಈಚಿನ ಪಾಲಿಯೆಸ್ಟರ್ ಬಟ್ಟೆಗಳು ಬಹುಕಾಲ ಬಾಳಿದರೂ ಬೆವರನ್ನು ಹೀರಲಾರವು, ಹತ್ತಿಯ ಪದರದ ಮೇಲೆ ಜಾರುತ್ತವೆ. ಆದುದರಿಂದ ಕೌದಿಯ ಒಡಲಿಗೆ ಅವು ಸಲ್ಲುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಿನಂಚಿನ ಊರುಗಳಲ್ಲಿ ವಾಸಿಸುವ ಸಿದ್ದಿಯರ ಕೌದಿಯು ಈ ಕಲೆಯ ಇನ್ನೊಂದು ಶಿಖರ. ಶತಮಾನಗಳ ಹಿಂದೆ ಆಫ್ರಿಕಾ ಖಂಡದಿಂದ ಪಶ್ಚಿಮ ಕರಾವಳಿಗೆ ಬಂದವರ ಸಂತತಿಯಾದ ಈ ಜನರ ಹೆಂಗಸರು ಹೊಲಿಗೆಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚುಗಳನ್ನು ಸುತ್ತಿಕೊಂಡು, ತುಂಡಿನ ಮೇಲೆ ತುಂಡನ್ನಿಡುತ್ತ ಕೊನೆಗೆ ನಡುವನ್ನು ಸೇರುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಕೂರಿಸಿ ಅವನ್ನು ‘ಫೂಲ’ ಎಂದು, ಎಂದರೆ ಹೂವೆಂದು, ಕರೆಯುತ್ತಾರೆ. ಹೂವಿಲ್ಲದ ಕೌದಿಯು ಅವರ ಕಣ್ಣಿಗೆ ಬತ್ತಲೆ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನ ಸಿದ್ದಿಯರ ಕೌದಿಯಲ್ಲಿ ಬಾಲಚಂದ್ರನೂ ಕೆಲವೊಮ್ಮೆ ಮೂಡುವುದುಂಟು. ಹರಿದ ಬಟ್ಟೆಯ ಮೇಲೂ ಮನುಷ್ಯನು ತನ್ನ ದೇವರನ್ನೂ ತನ್ನ ಹೂವನ್ನೂ ಇಡದೆ ಬಿಡನೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ತೇಪೆಯ ಬಟ್ಟೆಗೆ ನಮ್ಮ ನಾಡಿನಲ್ಲಿ ಗೌರವವು ಹೊಸದೂ ಅಲ್ಲ. ಸಂಸ್ಕೃತದ ‘ಕಂಥಾ’ ಎಂಬ ಶಬ್ದವು ವಿರಕ್ತರು ತೊಡುವ ತುಂಡುಬಟ್ಟೆಯ ಹೊದಿಕೆಗೆ ಸಂದ ಹೆಸರು. ಮಗಧದ ಗದ್ದೆಗಳು ಬದುಗಳಿಂದ ವಿಭಾಗಗೊಂಡಿರುವ ಬಗೆಯನ್ನು ತೋರಿಸಿ, ಅದೇ ವಿನ್ಯಾಸದಲ್ಲಿ ಭಿಕ್ಷುಗಳ ಚೀವರವನ್ನು ಹೊಲಿಯಲಾಗುವುದೇ ಎಂದು ಬುದ್ಧನು ಆನಂದನನ್ನು ಕೇಳಿದನೆಂದೂ, ಆನಂದನು ಅದರಂತೆ ತುಂಡುಗಳನ್ನು ಕತ್ತರಿಸಿ ಜೋಡಿಸಿದನೆಂದೂ ವಿನಯಪಿಟಕವು ಹೇಳುತ್ತದೆ. ನಮ್ಮ ಹನ್ನೆರಡನೆಯ ಶತಮಾನದ ಶರಣರ ನಡುವೆ ಸೂಜಿಕಾಯಕದ ರಾಮಿತಂದೆಯಿದ್ದನು; ಅವನ ಹೆಸರಿನೊಳಗೇ ಅವನ ಕಾಯಕವು ಸೇರಿಹೋಗಿದೆ.

ಹಳೆಯ ಪುಸ್ತಕದ ಗುಣ

ಹಳೆಯ ಸೀರೆಯನ್ನು ಕೊಟ್ಟು ಸ್ಟೀಲಿನ ಪಾತ್ರೆಯನ್ನು ಪಡೆಯುವ ವ್ಯಾಪಾರವು ನಮ್ಮ ಬೀದಿಗಳಲ್ಲಿ ಹೇಗೋ, ಹಳೆಯ ಪುಸ್ತಕವನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ವ್ಯಾಪಾರವು ರದ್ದಿಯ ಅಂಗಡಿಯಲ್ಲಿ ಹಾಗೆ. ಎರಡು ಕಡೆಯಲ್ಲೂ ವಸ್ತುವು ತನ್ನ ಹೆಸರನ್ನು ಕಳೆದುಕೊಂಡು ಬರಿಯ ತೂಕವಾಗಿ ಬಿಡುತ್ತದೆ. ಆ ತೂಕದ ರಾಶಿಯಿಂದ ಒಂದನ್ನು ಆರಿಸಿ, ಧೂಳು ಕೊಡವಿ, ಅದಕ್ಕೆ ಮತ್ತೆ ಹೆಸರನ್ನು ಕೊಡುವವನೇ ಹಳೆಯ ಪುಸ್ತಕಗಳ ಓದುಗ.

ಬೆಂಗಳೂರಿನಲ್ಲಿ, ಹಿಂದೆ ದೊಡ್ಡಪೇಟೆಯೆಂದು ಕರೆಯಲ್ಪಡುತ್ತಿದ್ದ ಅವೆನ್ಯೂ ರಸ್ತೆಯ ಪಕ್ಕದಲ್ಲಿ ಪಠ್ಯಪುಸ್ತಕಗಳ ರಾಶಿಯ ನಡುವೆ ಹುದುಗಿರುವ ಕಾವ್ಯನಾಟಕಗಳನ್ನೂ, 1945ರಲ್ಲಿ ಆರಂಭವಾಗಿ ಈಗ ಬ್ರಿಗೇಡ್ ರಸ್ತೆಯ ಒಳದಾರಿಯಲ್ಲಿರುವ ಸೆಲೆಕ್ಟ್ ಅಂಗಡಿಯ ಅಪೂರ್ವ ಗ್ರಂಥಗಳನ್ನೂ, ಚರ್ಚ್ ಸ್ಟ್ರೀಟಿನ ಮಳಿಗೆಗಳ ಅಂತಸ್ತುಗಳನ್ನೂ ಅರಸಿದವರು ಬಲ್ಲರು: ಹೊಸ ಪುಸ್ತಕದಂಗಡಿಗೆ ನಾವು ಬೇಕಾದುದನ್ನು ತಿಳಿದು ಹೋಗುತ್ತೇವೆ, ಹಳೆಯ ಪುಸ್ತಕದಂಗಡಿಯಲ್ಲಿ ನಮಗೆ ಏನು ಬೇಕಾಗಿತ್ತೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ. ಕನ್ನಡ ಪುಸ್ತಕವು ಓದುಗನನ್ನು ಹುಡುಕಿಕೊಂಡು ಹೋದ ಕಾಲವೊಂದಿತ್ತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದುದನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯುತ್ತಾರೆ. ಆಗ ಹೊತ್ತು ಮಾರಿದ ಪುಸ್ತಕಗಳ ಪೀಳಿಗೆಯನ್ನು ಈಗ ನಾವು ಹುಡುಕಿಕೊಂಡು ಹೋಗುವುದು ಆ ಋಣದ ಒಂದು ಅಲ್ಪ ಪರಿಹಾರವೆಂದು ನಾನು ಭಾವಿಸುತ್ತೇನೆ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ತಮ್ಮ ಜೀವಮಾನದ ಗಳಿಕೆಯನ್ನು ಪುಸ್ತಕಗಳಿಗೆ ಸುರಿದು ಕಟ್ಟಿದ ‘ಪುಸ್ತಕ ಮನೆ’ಯನ್ನು ನೋಡಿದವರಿಗೆ ಈ ಋಣಭಾವವು ಎಷ್ಟು ದೂರ ಹೋಗಬಲ್ಲುದೆಂದು ಅರಿವಾಗುತ್ತದೆ.

ಕೌದಿಯ ತುಂಡನ್ನು ನೋಡಿ, ಇದು ಇಂಥವರ ಸೀರೆ, ಇದು ಇಂಥ ಹಬ್ಬದ ಕುಪ್ಪಸ ಎಂದು ಮನೆಯ ಹಿರಿಯರು ಗುರುತಿಸುವಂತೆ, ಹಳೆಯ ಪುಸ್ತಕದ ಕಾಲವನ್ನೂ ಅದರ ಮೈಮೇಲಿನ ಗುರುತುಗಳಿಂದ ಓದಬಹುದು. ಎಷ್ಟೋ ಪುಸ್ತಕಗಳಲ್ಲಿ ಮುದ್ರಣದ ವರ್ಷವಿರುವ ಪುಟವೇ ಹರಿದುಹೋಗಿರುತ್ತದೆ. ಆಗ ಬೆಲೆಯನ್ನು ನೋಡಬೇಕು. ರೂಪಾಯಿ ಆಣೆಗಳಲ್ಲಿ ಬೆಲೆಯಿದ್ದರೆ ಅದು ದಶಮಾಂಶ ನಾಣ್ಯವು ಜಾರಿಗೆ ಬಂದ 1957ರ ಏಪ್ರಿಲಿಗೆ ಹಿಂದಿನ ಪುಸ್ತಕವೋ ಅಥವಾ ಅದರ ಆಸುಪಾಸಿನದೋ ಆಗಿರಬೇಕು; ‘ನಯೇ ಪೈಸೆ’ಯೆಂದಿದ್ದರೆ ಅಲ್ಲಿಂದ 1964ರವರೆಗಿನ ಅವಧಿಯದು; ಏಕೆಂದರೆ ಆ ವರ್ಷ ‘ನಯೇ’ ಎಂಬ ವಿಶೇಷಣವನ್ನು ಕೈಬಿಡಲಾಯಿತು. ಪ್ರಕಾಶಕರ ವಿಳಾಸದಲ್ಲಿ ‘ಮೈಸೂರು ರಾಜ್ಯ’ವೆಂದಿದ್ದರೆ 1973ರ ನವೆಂಬರಿಗೆ ಹಿಂದಿನದು, ಆರು ಅಂಕೆಗಳ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ಅನಂತರದ್ದು. ಹೀಗೆ ಬೆಲೆಯೂ ವಿಳಾಸವೂ ಇತಿಹಾಸದ ಸಾಕ್ಷಿಗಳಾಗುತ್ತವೆ.

ಇನ್ನು ಮೊದಲ ಪುಟದ ಹಸ್ತಾಕ್ಷರಗಳು! ಮದುವೆಯ ಉಡುಗೊರೆಯಾಗಿ ಪುಸ್ತಕವನ್ನು ಕೊಡುವ ಸತ್ಸಂಪ್ರದಾಯವೊಂದು ನಮ್ಮಲ್ಲಿದ್ದಿತು. ಚಿರಂಜೀವಿ ಸೌಭಾಗ್ಯವತಿಯೆಂದು ಆರಂಭವಾಗಿ ಆಶೀರ್ವಾದದಲ್ಲಿ ಮುಗಿಯುವ, ಮಸಿ ಕಂದಿದ ಆ ನಾಲ್ಕು ಸಾಲುಗಳನ್ನು ಓದಿದಾಗ, ಆ ವಧುವು ಈ ಕಾದಂಬರಿಯನ್ನು ಓದಿ ಮುಗಿಸಿದಳೋ, ಓದಲು ಆಕೆಗೆ ಬಿಡುವು ಸಿಕ್ಕಿತೋ ಎಂದು ಮನಸ್ಸು ತಾನಾಗಿ ಯೋಚಿಸುತ್ತದೆ. ನನ್ನಲ್ಲಿರುವ ಅಂಥದೊಂದು ಪ್ರತಿಯಲ್ಲಿ ಅರುವತ್ತನೆಯ ಪುಟದವರೆಗೆ ಮಾತ್ರ ಅಂಚುಗಳು ಸವೆದಿವೆ. ಅಲ್ಲಿ ಗುರುತಿಗೆಂದು ಇಟ್ಟ ಒಂದೆಳೆ ಕೆಂಪು ನೂಲು ಹಾಗೆಯೇ ಇದ್ದಿತು. ಆಕೆ ನಿಲ್ಲಿಸಿದ ಕಡೆಯಿಂದ ಆ ಪುಸ್ತಕವನ್ನು ಕೊನೆಯವರೆಗೆ ನಾನು ಓದಿದೆನು.

ನೂಲಿನ ಬಂಧುತ್ವ

ಹೊಲಿಗೆಗೂ ಓದಿಗೂ ಇರುವ ಸಂಬಂಧವು ಕೇವಲ ಸಾದೃಶ್ಯವೆಂದು ಯಾರೂ ತಿಳಿಯಬಾರದು, ಅದು ರಕ್ತಸಂಬಂಧ. ‘ಗ್ರಂಥ’ವೆಂಬ ಶಬ್ದದ ಮೂಲಾರ್ಥವು ಕಟ್ಟಿದುದು, ಪೋಣಿಸಿದುದು ಎಂದು, ತಾಳೆಗರಿಗಳನ್ನು ದಾರದಿಂದ ಕಟ್ಟಿದ ಕಾಲವನ್ನು ಅದು ಇಂದಿಗೂ ನೆನಪಿಸುತ್ತದೆ. ಶಾಸ್ತ್ರದ ‘ಸೂತ್ರ’ವೆಂದರೆ ನೂಲು. ಪುಸ್ತಕದ ಆರಂಭದಲ್ಲಿರುವ ‘ವಿಷಯಸೂಚಿ’ಯಲ್ಲಿನ ‘ಸೂಚಿ’ಯೂ ನಮ್ಮ ಕೈಯಲ್ಲಿರುವ ‘ಸೂಜಿ’ಯೂ ಒಂದೇ ಶಬ್ದ, ಸಂಸ್ಕೃತದ ‘ಸೂಚೀ’ ಎಂಬುದಕ್ಕೆ ಸೂಜಿಯೆಂದೇ ಅರ್ಥ. ಬಟ್ಟೆಗೆ ನಮ್ಮ ಕಡೆ ಹೇಳುವ ‘ಅರಿವೆ’ಯೂ ಎಲ್ಲ ಕನ್ನಡಿಗರ ‘ಅರಿವು’ ಎಂಬುದೂ ಅರ್ಥದಲ್ಲಿ ಬೇರೆ ಬೇರೆಯಾದರೂ ಕಿವಿಗೆ ಒಡಹುಟ್ಟಿದವುಗಳಂತೆ ಕೇಳುತ್ತವೆ.

ಶಬ್ದಗಳಾಚೆಗೆ ವಸ್ತುವಿನಲ್ಲಿಯೂ ಈ ನಂಟು ಇದೆ. ಕರ್ನಾಟಕದಲ್ಲಿ ಬಟ್ಟೆಯೇ ಪುಸ್ತಕವಾಗಿದ್ದ ಕಾಲವೊಂದಿತ್ತು. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಇಕ್ಕೆಲಗಳಲ್ಲಿಯೂ ಬಳಿದು ಒಣಗಿಸಿ, ಅದನ್ನು ನೆರಿಗೆನೆರಿಗೆಯಾಗಿ ಮಡಿಸಿ, ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ಇದೇ ‘ಕಡತ’. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಎಂಬಾತನು ಹನ್ನೆರಡರಿಂದ ಹದಿನೆಂಟು ಅಡಿಗಳಷ್ಟು ಉದ್ದದ ಇಂತಹ ಕಡತಗಳನ್ನು ವರ್ಣಿಸಿದ್ದಾನೆ. ವರ್ತಕರ ಲೆಕ್ಕಗಳೂ ಶಾನುಭೋಗರ ದಾಖಲೆಗಳೂ ಇವುಗಳಲ್ಲಿ ಉಳಿದುವು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ. ಬರೆಹ ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು; ಒಂದೇ ಬಟ್ಟೆಗೆ ಹಲವು ಜನ್ಮಗಳು. ಈಗ ಸರಕಾರಿ ಕಚೇರಿಯ ಮೇಜಿನ ಮೇಲಿರುವ ಕಾಗದದ ಕಟ್ಟನ್ನು ನಾವು ಕಡತವೆಂದೇ ಕರೆಯುತ್ತೇವೆ. ಬಟ್ಟೆ ಹೋದರೂ ಹೆಸರು ಉಳಿದಿದೆ.

ಕಾಗದವಾದರೂ ಎಲ್ಲಿಂದ ಬಂದಿತು? ಚೀನದಲ್ಲಿ ಕ್ರಿ.ಶ. 105ರ ಸುಮಾರಿಗೆ ತ್ಸಾಯ್ ಲುನ್ ಎಂಬಾತನು ಮರದ ತೊಗಟೆ, ಹಳೆಯ ಬಲೆ, ಹರಕು ಬಟ್ಟೆಗಳಿಂದ ಕಾಗದವನ್ನು ಸಿದ್ಧಪಡಿಸಿದನೆಂಬುದು ಪರಂಪರೆಯ ಮಾತು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಯೂರೋಪಿನ ಮುದ್ರಿತ ಪುಸ್ತಕಗಳ ಕಾಗದವು ಬಹುಮಟ್ಟಿಗೆ ಚಿಂದಿಬಟ್ಟೆಯಿಂದಲೇ ತಯಾರಾಗುತ್ತಿದ್ದಿತು. ಮರದ ತಿರುಳನ್ನು ಅರೆದು ಕಾಗದ ಮಾಡತೊಡಗಿದ ಮೇಲೆ ಪುಸ್ತಕದ ಬೆಲೆ ಇಳಿದು ಜ್ಞಾನವು ಬಡವರ ಮನೆಯನ್ನೂ ಪ್ರವೇಶಿಸಿತು. ಆದರೆ ಆ ತಿರುಳಿನಲ್ಲಿ ಉಳಿದ ಲಿಗ್ನಿನ್ ಎಂಬ ದ್ರವ್ಯವೂ, ಮಸಿ ಹರಡದಿರಲೆಂದು ಸೇರಿಸಿದ ಪಟಿಕದ ಆಮ್ಲವೂ ಕೂಡಿ ಕಾಗದವನ್ನು ಕಂದಿಸಿ ಮುರುಕಾಗಿಸಿದುವು. ಎಪ್ಪತ್ತು ವರ್ಷಗಳ ಹಿಂದಿನ ನಮ್ಮ ಅಗ್ಗದ ಪುಸ್ತಕದ ಹಾಳೆಯು ಮಡಿಸಿದ ಕಡೆಯಲ್ಲಿ ಹಪ್ಪಳದಂತೆ ಮುರಿಯುವಾಗ, ಮುನ್ನೂರು ವರ್ಷಗಳ ಹಿಂದಿನ ಬಟ್ಟೆಕಾಗದವು ಬಾಗಿದರೂ ಮುರಿಯದೆ ಇರುವುದಕ್ಕೆ ಇದೇ ಕಾರಣ.

ಕಣ್ಣು, ಕೈ, ಕಿವಿ

ಹಾಗಾದರೆ ಒಂದೇ ಕುಲದ ಈ ಎರಡು ಕೆಲಸಗಳನ್ನು ಒಂದೇ ಬಾಳಿನಲ್ಲಿ ಹೊಂದಿಸಿಕೊಳ್ಳುವುದು ಹೇಗೆ? ಇದಕ್ಕೆ ಮೊದಲು ಒಂದು ಲೆಕ್ಕವನ್ನು ಮಾಡೋಣ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕೌದಿಯಲ್ಲಿ ಅಂಗುಲಕ್ಕೊಂದರಂತೆ ಸಾಲುಗಳನ್ನು ಹೊಲಿದರೆ 48 ಸಾಲುಗಳು, ಅಂಗುಲಕ್ಕೆ ನಾಲ್ಕು ಟಾಕುಗಳಂತೆ ಒಂದು ಸಾಲಿಗೆ 288 ಟಾಕುಗಳು, ಒಟ್ಟು 13,824. ಈ ಸಂಖ್ಯೆಯನ್ನು ಒಟ್ಟಾಗಿ ಕೇಳಿದರೆ ಎದೆ ಕುಸಿಯುತ್ತದೆ. ಆದರೆ ದಿನಕ್ಕೊಂದು ಸಾಲೆಂದು ನಿಶ್ಚಯಿಸಿದರೆ ನನ್ನಂಥವಳ ಕೈಗೆ ಅದು ಮುಕ್ಕಾಲು ಗಂಟೆಯ ಕೆಲಸ. ಅದರೊಡನೆ ದಿನಕ್ಕೆ ಹತ್ತು ಪುಟಗಳ ಓದನ್ನು ಸೇರಿಸಿದರೆ, ನಲವತ್ತೆಂಟನೆಯ ದಿನ ಕೌದಿಯೊಂದು ಮುಗಿದಿರುತ್ತದೆ. 480 ಪುಟಗಳು, ಎಂದರೆ ಮಧ್ಯಮ ಗಾತ್ರದ ಎರಡು ಕಾದಂಬರಿಗಳು, ಓದಿ ಮುಗಿದಿರುತ್ತವೆ. ವರ್ಷದಲ್ಲಿ 336 ದಿನಗಳು ಈ ನಿಯಮವು ನಡೆದರೆ ಏಳು ಕೌದಿಗಳೂ ಹದಿನಾಲ್ಕು ಪುಸ್ತಕಗಳೂ ಆದುವು. ಉಳಿದ 29 ದಿನಗಳನ್ನು ಹಬ್ಬಗಳಿಗೂ ಅತಿಥಿಗಳಿಗೂ ಮೈ ಸರಿಯಿಲ್ಲದ ದಿನಗಳಿಗೂ ಬಿಟ್ಟಿದ್ದೇನೆ. ಬಿಡುವು ಸಾಲದೆಂದು ಕೊರಗುವವರಲ್ಲಿ ಬಹುಮಂದಿಗೆ ಸಾಲದಿರುವುದು ಬಿಡುವಲ್ಲ, ಅಳತೆ. ಕೌದಿಯ ಸಾಲು ಆ ಅಳತೆಯನ್ನು ಕಲಿಸುತ್ತದೆ.

ಎರಡನೆಯದು, ಬೆಳಕಿನ ವಿಭಾಗ. ಗಾಢ ವರ್ಣದ ಬಟ್ಟೆಯ ಮೇಲೆ ಅದೇ ವರ್ಣದ ದಾರದಿಂದ ಹೊಲಿಯುವುದಕ್ಕೆ ಹಗಲಿನ ಬೆಳಕು ಅನಿವಾರ್ಯ. ಓದಿಗೆ ದೀಪವು ಸಾಕು. ಆದುದರಿಂದ ಹಗಲನ್ನು ಸೂಜಿಗೂ ಇರುಳನ್ನು ಅಕ್ಷರಕ್ಕೂ ಹಂಚಿಕೊಟ್ಟರೆ ಇಬ್ಬರಿಗೂ ಅನ್ಯಾಯವಿಲ್ಲ. ಮಧ್ಯೆ ಮಧ್ಯೆ ಕಣ್ಣೆತ್ತಿ ದೂರದ ಮರವನ್ನು ನೋಡುವುದನ್ನು ಮಾತ್ರ ಎರಡರಲ್ಲಿಯೂ ಮರೆಯಕೂಡದು.

ಮೂರನೆಯದು, ನಮ್ಮ ಹಿರಿಯರೇ ಕಂಡುಕೊಂಡ ಉಪಾಯ: ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸುವುದು. ಸಾಯಂಕಾಲ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದುತ್ತಿದ್ದರೆ, ಸುತ್ತ ಕುಳಿತ ಹೆಂಗಸರು ಹೂಬತ್ತಿ ಹೊಸೆಯುತ್ತ, ಬೇಳೆ ಆರಿಸುತ್ತ, ಕೌದಿ ಹೊಲಿಯುತ್ತ ಆಲಿಸುತ್ತಿದ್ದರು. ಅವರಲ್ಲಿ ಅನೇಕರಿಗೆ ಅಕ್ಷರ ಬಾರದಿದ್ದರೂ ಕಾವ್ಯವು ಬರುತ್ತಿದ್ದಿತು. ನಮ್ಮ ಮನೆಯಲ್ಲಿ ಈ ಪದ್ಧತಿಯನ್ನು ಮತ್ತೆ ಆರಂಭಿಸಿದ್ದೇವೆ. ರಾತ್ರಿ ಊಟವಾದ ಬಳಿಕ ಮೊಮ್ಮಗಳು ಅರ್ಧ ಗಂಟೆ ಗಟ್ಟಿಯಾಗಿ ಓದುತ್ತಾಳೆ, ನಾನು ಬೆಳ್ಳನೆಯ ತುಂಡುಗಳ ಸುಲಭವಾದ ಹೊಲಿಗೆಯನ್ನು ಆ ವೇಳೆಗೆಂದೇ ಕಾದಿರಿಸಿಕೊಂಡು ಕೇಳುತ್ತೇನೆ. ಕಠಿಣ ಶಬ್ದ ಬಂದಾಗ ಆಕೆ ತಡವರಿಸುತ್ತಾಳೆ. ಆಗ ನನ್ನ ಸೂಜಿಯೂ ನಿಲ್ಲುತ್ತದೆ. ಅರ್ಥವನ್ನು ಹೇಳಿದ ಮೇಲೆ ಎರಡೂ ಮುಂದುವರಿಯುತ್ತವೆ. ಹಳೆಯ ಪುಸ್ತಕದ ಕನ್ನಡವು ಹೊಸ ನಾಲಿಗೆಯ ಮೇಲೆ ನಿಲ್ಲಲು ಇದಕ್ಕಿಂತ ನೇರವಾದ ಮಾರ್ಗವನ್ನು ನಾನರಿಯೆನು.

ನಾಲ್ಕನೆಯದಾಗಿ, ಹೊಲಿಗೆಗಾರ್ತಿಯ ಸೂಜಿಯು ಪುಸ್ತಕಕ್ಕೂ ಔಷಧಿಯಾಗಬಲ್ಲುದು. ಒಳ್ಳೆಯ ಕಟ್ಟಿನ ಪುಸ್ತಕದಲ್ಲಿ ಮುದ್ರಿತ ಹಾಳೆಯನ್ನು ಮೂರು ಸಲ ಮಡಿಸಿ ಹದಿನಾರು ಪುಟಗಳ ಒಂದೊಂದು ಫಾರಮನ್ನು ಮಾಡಿ, ಮಡಿಕೆಯ ನಡುವೆ ನೂಲು ಹಾಯಿಸಿ, ಫಾರಮುಗಳನ್ನು ಒಂದಕ್ಕೊಂದು ಹೊಲಿದಿರುತ್ತಾರೆ. ಅದರ ಮೇಲೆ ಕ್ಯಾಲಿಕೊ ಬಟ್ಟೆಯ ರಟ್ಟು. ಇಂತಹ ಪುಸ್ತಕವು ಚಪ್ಪಟೆಯಾಗಿ ತೆರೆದು ನಿಲ್ಲುವುದರಿಂದ, ಕೈಯಲ್ಲಿ ಸೂಜಿಯಿರುವಾಗಲೂ ಮಣೆಯ ಮೇಲಿಟ್ಟು ಒಂದೆರಡು ಸಾಲುಗಳನ್ನು ಓದಿಕೊಳ್ಳಬಹುದು. ಕೇವಲ ಅಂಟಿನಿಂದ ಕಟ್ಟಿದ ಪುಸ್ತಕವು ಕೈಬಿಟ್ಟೊಡನೆ ಮುಚ್ಚಿಕೊಳ್ಳುತ್ತದೆ. ತಂತಿಯ ಪಿನ್ನು ಹೊಡೆದ ತೆಳುವಾದ ಪುಸ್ತಿಕೆಗಳಲ್ಲಿ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಆ ಪಿನ್ನನ್ನು ಮೆಲ್ಲನೆ ಬಿಚ್ಚಿ, ಮಡಿಕೆಯಲ್ಲಿ ಮೂರು ರಂಧ್ರಗಳನ್ನು ಮಾಡಿ, ಒಳಗಿನಿಂದ ನಡುವಿನ ರಂಧ್ರದಲ್ಲಿ ಸೂಜಿಯನ್ನು ಹೊರಕ್ಕೆ ತೆಗೆದು, ಮೇಲಿನ ರಂಧ್ರದಿಂದ ಒಳಕ್ಕೆ, ಕೆಳಗಿನದರಿಂದ ಹೊರಕ್ಕೆ, ಮತ್ತೆ ನಡುವಿನದರಿಂದ ಒಳಕ್ಕೆ ತಂದು, ಉದ್ದನೆಯ ಎಳೆಯನ್ನು ನಡುವೆ ಹಿಡಿಯುವಂತೆ ಗಂಟು ಹಾಕಿದರೆ ಪುಸ್ತಿಕೆಗೆ ಇನ್ನೊಂದು ತಲೆಮಾರಿನ ಆಯುಸ್ಸು ದೊರೆಯಿತು. ಹರಿದ ಪುಟಕ್ಕೆ ಅಂಟುಪಟ್ಟಿಯನ್ನು ಮಾತ್ರ ಹಚ್ಚಬಾರದು. ಕೆಲವು ವರ್ಷಗಳಲ್ಲಿ ಅದು ಹಳದಿಗಟ್ಟಿ ಕಾಗದವನ್ನೇ ಹಾಳುಮಾಡುತ್ತದೆ. ಮೈದಾದ ಅಂಟು, ತೆಳುವಾದ ಕಾಗದದ ತೇಪೆ, ಇಷ್ಟು ಸಾಕು. ತೇಪೆಯ ವಿದ್ಯೆಯು ನಮಗೆ ಹೊಸದಲ್ಲವಷ್ಟೆ.

ಸಂಗ್ರಹದ ಮಿತಿ

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಹಳೆಯ ವಸ್ತುವಿನ ಮೇಲಿನ ಪ್ರೀತಿಯು ಹತೋಟಿ ತಪ್ಪಿದರೆ ಗುಡ್ಡೆಹಾಕುವ ಚಪಲವಾಗಿ ಪರಿಣಮಿಸುತ್ತದೆ. ಟ್ರಂಕಿನೊಳಗೆ ಹೊಲಿಯದೆ ಕೊಳೆಯುವ ಬಟ್ಟೆಯನ್ನು ನಾವು ಉಳಿಸಿದಂತಾಗಲಿಲ್ಲ. ಕಪಾಟಿನಲ್ಲಿ ಓದದೆ ಮುರುಕಾಗುವ ಪುಸ್ತಕವನ್ನೂ ಉಳಿಸಿದಂತಾಗಲಿಲ್ಲ. ರೆಕ್ಕೆಯಿಲ್ಲದ, ಬೆಳ್ಳಿಯ ಬಣ್ಣದ ಸಣ್ಣ ಹುಳುವೊಂದು ಇಬ್ಬರಿಗೂ ಸಮಾನ ಶತ್ರು. ಬಟ್ಟೆಯ ಗಂಜಿಯನ್ನೂ ಪುಸ್ತಕದ ಅಂಟನ್ನೂ ಅದು ಸಮದೃಷ್ಟಿಯಿಂದ ತಿನ್ನುತ್ತದೆ. ತೇವವೂ ಗೆದ್ದಲೂ ಹಾಗೆಯೇ. ಒಣಗಿದ ಬೇವಿನ ಎಲೆಯನ್ನೂ ಬಜೆಯ ಬೇರನ್ನೂ ನಮ್ಮ ಹಿರಿಯರು ಎರಡರ ನಡುವೆಯೂ ಇಡುತ್ತಿದ್ದರು. ವ್ಯತ್ಯಾಸವಿಷ್ಟೆ: ಮಳೆಗಾಲ ಕಳೆದ ಮೇಲೆ ಕೌದಿಯನ್ನು ಬಿಸಿಲಿಗೆ ಹರವಬೇಕು; ಪುಸ್ತಕವನ್ನು ಗಾಳಿಯಾಡುವ ನೆರಳಿನಲ್ಲಿ ತೆರೆದಿಡಬೇಕು, ಬಿಸಿಲಿಗೆ ಒಡ್ಡಕೂಡದು.

ಆದುದರಿಂದ ನಾನು ಎರಡು ಕಟ್ಟಳೆಗಳನ್ನು ಮಾಡಿಕೊಂಡಿದ್ದೇನೆ. ಕೈಯಲ್ಲಿರುವ ಕೌದಿಯ ಕೊನೆಯ ಸಾಲು ಮುಗಿಯುವವರೆಗೆ ಟ್ರಂಕಿಗೆ ಹೊಸ ತುಂಡು ಸೇರಕೂಡದು. ಓದಿದ ಒಂದು ಪುಸ್ತಕವು ಇನ್ನೊಬ್ಬರ ಕೈ ಸೇರುವವರೆಗೆ ಕಪಾಟಿಗೆ ಇನ್ನೊಂದು ಪುಸ್ತಕ ಬರಕೂಡದು. ಊರಿನ ಗ್ರಂಥಾಲಯಕ್ಕೋ, ನೆರೆಮನೆಯ ಹುಡುಗನಿಗೋ, ಅದನ್ನು ಕೊಂಡು ತಂದ ಅಂಗಡಿಗೋ ಅದು ಮರಳಿ ಹೋಗುತ್ತದೆ. ಕೌದಿಗಳೂ ಮನೆಯಲ್ಲಿ ನಿಲ್ಲುವುದಿಲ್ಲ. ಬಾಣಂತಿಯ ಮನೆಗೆ ಒಂದು, ಓದಲು ಪರವೂರಿಗೆ ಹೊರಟ ಮಗುವಿನ ಹಾಸಿಗೆಯ ಸುರುಳಿಗೆ ಒಂದು. ಬಂದುದು ಸಾಗಿಹೋಗುತ್ತಿದ್ದರೆ ಮಾತ್ರ ಬರುವುದಕ್ಕೆ ಸ್ಥಳವಿರುತ್ತದೆ.

ವಾಚಕರಲ್ಲಿ ನನ್ನದೊಂದು ಬಿನ್ನಹವಿದೆ. ಈ ಸಲ ಮನೆಯನ್ನು ಗುಡಿಸಿ ಸಾರಿಸುವಾಗ, ತಾಯಿಯ ಹಳೆಯ ಸೀರೆಯನ್ನು ಪಾತ್ರೆಯವಳಿಗೆ ಕೊಡುವ ಮೊದಲು, ತಂದೆಯ ಹಳೆಯ ಪುಸ್ತಕಗಳನ್ನು ತಕ್ಕಡಿಗೆ ಇಡುವ ಮೊದಲು, ಒಂದು ಸೀರೆಯನ್ನೂ ಒಂದು ಪುಸ್ತಕವನ್ನೂ ಪ್ರತ್ಯೇಕವಾಗಿ ತೆಗೆದಿಡಿರಿ. ಮರುದಿನ ಒಂದು ಸೂಜಿಯನ್ನೂ ದಾರದ ಉಂಡೆಯನ್ನೂ ತನ್ನಿರಿ. ಮೊದಲ ದಿನ ಒಂದು ಸಾಲು ಹೊಲಿಯಿರಿ, ಹತ್ತು ಪುಟ ಓದಿರಿ. ನಲವತ್ತೆಂಟನೆಯ ರಾತ್ರಿ ತಾಯಿಯ ಸೀರೆಯನ್ನು ಹೊದ್ದುಕೊಂಡು, ತಂದೆಯ ಪುಸ್ತಕದ ಕೊನೆಯ ಪುಟವನ್ನು ಓದಿ ಮಲಗಬಹುದು.